ಕಾರವಾರದಿಂದ ಭಟ್ಕಳದವರೆಗೆ ಕಾರಿಲ್ಲದ ಪ್ರವಾಸ: ರೈಲು, ಬಸ್ಸು, ಟೆಂಪೋ, ತಾರಿ ದೋಣಿಗಳ ವಿಮರ್ಶೆ

ಉತ್ತರ ಕನ್ನಡದ ಕರಾವಳಿಗೆ ಬರುತ್ತೇವೆ ಎಂದು ಫೋನ್ ಮಾಡುವ ನೆಂಟರೂ ಸ್ನೇಹಿತರೂ ಮೊದಲು ಕೇಳುವುದು ಕಾರು ತರಬೇಕೇ ಎಂದು. ಬೇಡ ಎಂದೇ ನಾನು ಹೇಳುತ್ತ ಬಂದಿದ್ದೇನೆ. ಕುಮಟಾದಲ್ಲಿ ನೆಲೆಸಿ, ರೈಲು, ಸಾರಿಗೆ ಬಸ್ಸು, ಟೆಂಪೋ, ರಿಕ್ಷಾ, ಹೊಳೆ ದಾಟಿಸುವ ತಾರಿ ದೋಣಿಗಳನ್ನು ನಿತ್ಯದ ಕೆಲಸಕ್ಕೆ ಬಳಸುವ ನನಗೆ ಇವುಗಳ ಮೇಲೆ ನಂಬಿಕೆಯಿದೆ. ಆದರೆ ಊರಿನವರಿಗೆ ಒಗ್ಗಿದ್ದು ಹೊರಗಿನಿಂದ ಬಂದವರಿಗೂ ಒಗ್ಗಬೇಕೆಂದಿಲ್ಲ. ಆದ್ದರಿಂದ ಒಂದು ಹೋಟೆಲನ್ನೋ ಅಂಗಡಿಯನ್ನೋ ವಿಮರ್ಶೆ ಮಾಡುವಂತೆ, ಈ ಸೇವೆಗಳು ಪ್ರವಾಸಿಯನ್ನು ಎಲ್ಲಿಯವರೆಗೆ ಕರೆದೊಯ್ಯುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಊರಿನಿಂದ ಊರಿಗೆ ಹೋಗುವ ವ್ಯವಸ್ಥೆ ಇಲ್ಲಿ ನಿಜಕ್ಕೂ ಚೆನ್ನಾಗಿದೆ, ರೈಲು ನಿಲ್ದಾಣದಿಂದ ಊರಿನವರೆಗಿನ, ಊರಿನಿಂದ ಕಡಲ ದಂಡೆಯವರೆಗಿನ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಮಾತ್ರ ಅದು ತಡವರಿಸುತ್ತದೆ. ಜನ ಐನೂರು ಕಿಲೋಮೀಟರ್ ದೂರದಿಂದ ಕಾರು ಓಡಿಸಿಕೊಂಡು ಬರುವುದು ಬಹುಪಾಲು ಆ ಕೊನೆಯ ತುಂಡಿನ ಭಯಕ್ಕೆ.

ಈ ಕರಾವಳಿಯ ಭೂಗೋಳವೇ ಹೆಚ್ಚು ಕಾರುಗಳನ್ನು ತಾಳುವಂಥದ್ದಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂಬ ಐದು ತಾಲ್ಲೂಕುಗಳು ಸುಮಾರು 140 ಕಿಲೋಮೀಟರ್ ಉದ್ದಕ್ಕೆ ಗುಡ್ಡಕ್ಕೂ ಕಡಲಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಹರಡಿಕೊಂಡಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಈ ಪಟ್ಟಿಯನ್ನು ಅಡ್ಡಲಾಗಿ ಕತ್ತರಿಸಿ ಕಡಲು ಸೇರುತ್ತವೆ. ಇಷ್ಟು ಇಕ್ಕಟ್ಟಿನಲ್ಲಿ ಉತ್ತರ ದಕ್ಷಿಣವಾಗಿ ಸಾಗುವ ಮುಖ್ಯ ರಸ್ತೆ ಎಂದರೆ ರಾಷ್ಟ್ರೀಯ ಹೆದ್ದಾರಿ 66 ಒಂದೇ. ಸರಕು ಲಾರಿ, ಮೀನಿನ ಗಾಡಿ, ಶಾಲೆಯ ಬಸ್ಸು, ಮಂಗಳೂರಿಗೋ ಮಣಿಪಾಲಕ್ಕೋ ಧಾವಿಸುವ ಆಂಬುಲೆನ್ಸ್ ಎಲ್ಲವೂ ಅದರ ಮೇಲೆಯೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು, ಸಂಚಾರ ದಿನಗಟ್ಟಲೆ ಬಂದಾಯಿತು. ಅದೇ ವರ್ಷದ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಈ ದುರಂತಗಳಿಗೆ ಪ್ರವಾಸಿಗರ ಕಾರುಗಳು ಕಾರಣವೆಂದು ಹೇಳಿದರೆ ತಪ್ಪಾಗುತ್ತದೆ. ಆದರೆ ರಸ್ತೆಯನ್ನು ಇನ್ನಷ್ಟು ಅಗಲಿಸುತ್ತ, ಗುಡ್ಡವನ್ನು ಇನ್ನಷ್ಟು ಕಡಿಯುತ್ತ ಹೋಗಲು ಇಲ್ಲಿ ಜಾಗವಿಲ್ಲ ಎಂಬುದನ್ನು ಆ ಮಳೆಗಾಲ ನಮಗೆಲ್ಲ ಮನದಟ್ಟು ಮಾಡಿಸಿತು. ಸಾಲು ರಜೆ ಬಂದರೆ ಗೋಕರ್ಣದ ರಥಬೀದಿಯ ಆಸುಪಾಸಿನಲ್ಲಿ ಎದುರುಬದುರಾದ ಎರಡು ಕಾರುಗಳು ಹಿಂದೆ ಸರಿಯಲೂ ಆಗದೆ, ನಡುವೆ ದೇವರ ದರ್ಶನಕ್ಕೆ ನಡೆದು ಹೊರಟ ವಯಸ್ಸಾದವರು ಗೋಡೆಗೆ ಒರಗಿ ನಿಲ್ಲಬೇಕಾಗುವುದನ್ನು ನೋಡಿದವರಿಗೆ ಈ ಮಾತಿಗೆ ಬೇರೆ ಪುರಾವೆ ಬೇಕಾಗಲಾರದು.

ಮೊದಲು ರೈಲು. ಕಾರಿಗೆ ಪರ್ಯಾಯವಾಗಿ ನಮ್ಮ ಜಿಲ್ಲೆಯಲ್ಲಿರುವ ಎಲ್ಲಕ್ಕಿಂತ ಗಟ್ಟಿಯಾದ ಸೇವೆ ಇದು. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದುಕೊಂಡ ಕೊಂಕಣ ರೈಲು ಮಾರ್ಗ ಜಿಲ್ಲೆಯ ಉತ್ತರದ ಅಸ್ನೋಟಿಯಿಂದ ದಕ್ಷಿಣದ ಭಟ್ಕಳದವರೆಗೆ ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ ನಿಲ್ದಾಣಗಳನ್ನು ಹಾದು ಹೋಗುತ್ತದೆ; ಅಂದರೆ ಪ್ರವಾಸಿಗರು ನೋಡಬಯಸುವ ಬಹುತೇಕ ಎಲ್ಲ ಊರುಗಳಿಗೂ ಒಂದೊಂದು ನಿಲ್ದಾಣವಿದೆ. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರಿನ ಈ ಮಾರ್ಗದ ವಿದ್ಯುದೀಕರಣ 2022ರಲ್ಲಿ ಮುಗಿದ ಮೇಲೆ ಇಲ್ಲಿ ವಿದ್ಯುತ್ ಎಂಜಿನ್ನುಗಳು ಓಡತೊಡಗಿವೆ. ಪರಿಸರದ ದೃಷ್ಟಿಯಿಂದ ಹೇಳುವುದಾದರೆ, ಒಂದು ಕುಟುಂಬ ತನ್ನ ಕಾರು ಬಿಟ್ಟು ಈ ರೈಲಿನಲ್ಲಿ ಬಂದರೆ ಆಗುವ ಉಳಿತಾಯಕ್ಕೆ ಊರು ತಲುಪಿದ ಮೇಲೆ ಮಾಡುವ ಬೇರಾವ ಹಸಿರು ಕೆಲಸವೂ ಸಾಟಿಯಾಗದು. ಬಟ್ಟೆಚೀಲ ಹಿಡಿದು, ಪ್ಲಾಸ್ಟಿಕ್ ಬಾಟಲಿ ಬಿಟ್ಟು, ಒಬ್ಬೊಬ್ಬರೇ ಒಂದೊಂದು ದೊಡ್ಡ ಕಾರಿನಲ್ಲಿ ಬೆಂಗಳೂರಿನಿಂದ ಬರುವವರಿಗೆ ಈ ಮಾತನ್ನು ಗೌರವದಿಂದಲೇ ಹೇಳಬೇಕೆನ್ನಿಸುತ್ತದೆ.

ಬೆಂಗಳೂರಿನಿಂದ ಬರುವವರಿಗೆ ನನ್ನ ಮೊದಲ ಆಯ್ಕೆ ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಹೊರಟ ರೈಲು ರಾತ್ರಿಯಿಡೀ ಓಡಿ ಬೆಳಗಿನ ಹೊತ್ತಿಗೆ ಭಟ್ಕಳದಿಂದ ಕಾರವಾರದವರೆಗೆ ಒಂದೊಂದೇ ಊರಿನಲ್ಲಿ ಜನರನ್ನು ಇಳಿಸುತ್ತ ಹೋಗುತ್ತದೆ; ಮರಳುವಾಗಲೂ ಸಂಜೆ ಹೊರಡುವುದರಿಂದ ಕೊನೆಯ ದಿನದ ಹಗಲು ಪೂರ್ತಿ ಕೈಗೆ ಸಿಗುತ್ತದೆ. ಮೈಸೂರಿನ ಕಡೆಯವರಿಗೆ ಬೆಂಗಳೂರಿನಿಂದ ಮೈಸೂರು, ಮಂಗಳೂರು ಹಾದು ಮುರ್ಡೇಶ್ವರಕ್ಕೆ ಬರುವ ಎಕ್ಸ್‌ಪ್ರೆಸ್ ಅನುಕೂಲ. ವಾರದಲ್ಲಿ ಮೂರು ದಿನದ ಯಶವಂತಪುರ–ಕಾರವಾರ ಹಗಲು ರೈಲು ಹೆಚ್ಚು ಹೊತ್ತು ತೆಗೆದುಕೊಂಡರೂ ಸಕಲೇಶಪುರ–ಸುಬ್ರಹ್ಮಣ್ಯದ ಘಟ್ಟವನ್ನು ಬೆಳಕಿನಲ್ಲಿ ತೋರಿಸುತ್ತದೆ. ಮುಂಬಯಿಯವರಿಗೆ ಮತ್ಸ್ಯಗಂಧ ಹಳೆಯ ಪರಿಚಯ. 2023ರ ಡಿಸೆಂಬರ್ 30ರಂದು ಆರಂಭವಾದ ಮಂಗಳೂರು–ಮಡಗಾಂವ್ ವಂದೇ ಭಾರತ್ ವೇಗದ್ದೇನೋ ಹೌದು, ಆದರೆ ನಮ್ಮ ಜಿಲ್ಲೆಯಲ್ಲಿ ಕಾರವಾರದಲ್ಲಿ ಮಾತ್ರ ನಿಲ್ಲುವುದರಿಂದ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗುವವರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಕರಾವಳಿಯೊಳಗೆ ಊರಿನಿಂದ ಊರಿಗೆ ಓಡಾಡಲು ಮಾತ್ರ ಎಲ್ಲ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಮಡಗಾಂವ್–ಮಂಗಳೂರು ಪ್ಯಾಸೆಂಜರೇ ಸೈ. ಮುಂಗಡ ಕಾಯ್ದಿರಿಸುವ ಗೊಡವೆಯಿಲ್ಲ. ನಿಲ್ದಾಣದ ಕಿಟಕಿಯಲ್ಲಿ ಟಿಕೆಟ್ ಪಡೆದು ಹತ್ತಿದರಾಯಿತು. ಕಾಲೇಜಿನ ಮಕ್ಕಳು, ಗೋವಾದ ಕೆಲಸದಿಂದ ರಜೆಯ ಮೇಲೆ ಮನೆಗೆ ಮರಳುವವರು, ಮಣಿಪಾಲದ ಆಸ್ಪತ್ರೆಯ ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಹಿಡಿದವರು, ಇವರೆಲ್ಲರ ನಡುವೆ ಕುಳಿತು ಕಿಟಕಿಯಾಚೆ ನೋಡುವವರಿಗೆ ಈ ಜಿಲ್ಲೆ ತನ್ನನ್ನು ತಾನೇ ಪರಿಚಯ ಮಾಡಿಕೊಡುತ್ತದೆ. ಹೊನ್ನಾವರದ ಬಳಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಇಡೀ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ರೈಲು ಸೇತುವೆಗೆ ಏರುತ್ತಲೇ ಚಕ್ರದ ಸದ್ದು ಬದಲಾಗುತ್ತದೆ. ಬೋಗಿಯೊಳಗೆ ಮಾತಾಡುತ್ತಿದ್ದವರೂ ಒಮ್ಮೆ ಹೊರಗೆ ಕಣ್ಣು ಹಾಯಿಸುತ್ತಾರೆ. ಕೆಳಗೆ ತೆಂಗು ತುಂಬಿದ ಕುರುವೆಗಳು, ಅಂದರೆ ನದಿ ನಡುವಿನ ನಡುಗಡ್ಡೆಗಳು, ಅವುಗಳ ಅಂಚಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ದಟ್ಟ ಹಸಿರು, ಮೀನಿನ ಬಲೆ ಕಟ್ಟಿದ ಗೂಟಗಳು, ಒಂಟಿ ದೋಣಿಯಲ್ಲಿ ನಿಂತು ಹುಟ್ಟು ಹಾಕುವ ಒಬ್ಬ ಮನುಷ್ಯ. ಹೆದ್ದಾರಿಯ ಸೇತುವೆಯ ಮೇಲೆ ಕಾರು ಓಡಿಸುವವರಿಗೆ ಎದುರಿನ ಲಾರಿಯ ಹಿಂಬದಿ ಬಿಟ್ಟು ಬೇರೇನೂ ಕಾಣಿಸದು.

ರೈಲಿನ ಒಂದು ಮಿತಿಯನ್ನು ಮರೆಮಾಚುವಂತಿಲ್ಲ. ಪ್ಯಾಸೆಂಜರುಗಳ ಸಂಖ್ಯೆ ಕಡಿಮೆ. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಏಕಪಥವಾದ್ದರಿಂದ ಎದುರಿನಿಂದ ಎಕ್ಸ್‌ಪ್ರೆಸ್ ಬರುವಾಗ ಪ್ಯಾಸೆಂಜರ್ ಸಣ್ಣ ನಿಲ್ದಾಣದಲ್ಲಿ ಬದಿಗೆ ನಿಂತು ದಾರಿ ಬಿಡುತ್ತದೆ. ಮಳೆಗಾಲಕ್ಕೆ, ಅಂದರೆ ಜೂನ್ ನಡುವಿನಿಂದ ಅಕ್ಟೋಬರಿನವರೆಗೆ, ಬೇರೆಯೇ ವೇಳಾಪಟ್ಟಿ ಇರುತ್ತದೆ. ವಿಪರೀತ ಮಳೆಯಲ್ಲಿ ದಾರಿ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗೆ ವೇಗ ಇಳಿಸಬೇಕೆಂಬ ನಿಯಮವಿದೆ. ಗುಡ್ಡ ಕಡಿದ ಕಣಿವೆಗಳಲ್ಲಿ ಹಾದುಹೋಗುವ ಮಾರ್ಗದಲ್ಲಿ ಈ ಎಚ್ಚರಿಕೆ ಬೇಕೇ ಬೇಕು; ಅದರ ಬಗ್ಗೆ ನನಗೆ ದೂರಿಲ್ಲ. ಗಡಿಬಿಡಿಯಿಲ್ಲದ ಪ್ರವಾಸಿಗೆ ಅದು ತೊಂದರೆಯೂ ಅಲ್ಲ. ಒಂದೇ ಹಗಲಿನಲ್ಲಿ ಗೋಕರ್ಣ, ಯಾಣ, ಮುರ್ಡೇಶ್ವರ ಮೂರನ್ನೂ ಮುಗಿಸಬೇಕೆಂದು ಬರುವವರು ಮಾತ್ರ ರೈಲನ್ನು ನೆಚ್ಚಿಕೊಳ್ಳಬಾರದು. ಅಂಥ ಪ್ರವಾಸವನ್ನು ಕಾರಿನಲ್ಲೂ ಮಾಡಬಾರದೆಂಬುದು ನನ್ನ ಅಭಿಪ್ರಾಯ.

ಇನ್ನು ಆ ಕೊನೆಯ ತುಂಡಿಗೆ ಬರುತ್ತೇನೆ. ಕೊಂಕಣ ರೈಲು ಮಾರ್ಗ ಬಹುಪಾಲು ಗುಡ್ಡಗಳ ಬುಡ ಹಿಡಿದು ಸಾಗುವುದರಿಂದ ನಿಲ್ದಾಣಗಳು ಪೇಟೆಯಿಂದ ದೂರ ಉಳಿದಿವೆ. ಕಾರವಾರದ ನಿಲ್ದಾಣ ಇರುವುದು ಪೇಟೆಯಿಂದ ಕೆಲವು ಕಿಲೋಮೀಟರ್ ಒಳಗಿನ ಶಿರವಾಡದಲ್ಲಿ. ಗೋಕರ್ಣ ರೋಡ್ ಎಂಬ ಹೆಸರೇ ಹೇಳುವಂತೆ ಅದು ಗೋಕರ್ಣಕ್ಕೆ ಹೋಗುವ ದಾರಿಯ ನಿಲ್ದಾಣ. ಅಲ್ಲಿಂದ ಊರಿಗೆ ಸುಮಾರು 10 ಕಿಲೋಮೀಟರ್. ಈ 10 ಕಿಲೋಮೀಟರನ್ನು ದಾಟಲು ದಾರಿಗಳಿವೆ. ಹೆದ್ದಾರಿಯ ಮಾದನಗೇರಿ ಕ್ರಾಸಿಗೆ ಬಂದರೆ ಕುಮಟಾ, ಅಂಕೋಲಾ ಕಡೆಯಿಂದ ಗೋಕರ್ಣಕ್ಕೆ ಹೋಗುವ ಸಾರಿಗೆ ಬಸ್ಸುಗಳು ಸಿಗುತ್ತವೆ, ಮತ್ತು ಆ ಬಸ್ಸಿನ ದಾರಿಯೇ ನೋಡತಕ್ಕದ್ದು: ಸಾಣಿಕಟ್ಟೆಯ ಉಪ್ಪಿನ ಆಗರಗಳು ರಸ್ತೆಯ ಪಕ್ಕಕ್ಕೇ ಹರಡಿವೆ, ಬೇಸಿಗೆಯಲ್ಲಿ ಗುಡ್ಡೆ ಹಾಕಿದ ಉಪ್ಪು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತದೆ. ಆದರೆ ರಾತ್ರಿಯಿಡೀ ಪ್ರಯಾಣ ಮಾಡಿ, ಮಕ್ಕಳನ್ನೂ ಸಾಮಾನನ್ನೂ ಎಳೆದುಕೊಂಡು ಇಳಿದ ಹೊಸಬರಿಗೆ ಮಾದನಗೇರಿ ಎಂಬುದೊಂದು ಕ್ರಾಸ್ ಇದೆ ಎಂದು ಹೇಳುವವರು ಯಾರು?

ಈ ಸಾಲಿನ ಒಂದು ನಿಲ್ದಾಣದಲ್ಲಿ ನನ್ನ ಸ್ನೇಹಿತರ ಕುಟುಂಬಕ್ಕಾದ ಅನುಭವವನ್ನು ಹೇಳಬೇಕು. ಬೆಳಿಗ್ಗೆ ರೈಲಿನಿಂದ ಇಳಿದಾಗ ಹೊರಗೆ ನಿಂತಿದ್ದ ರಿಕ್ಷಾದವರು ಕೇಳಿದ ಬಾಡಿಗೆ ಬೆಂಗಳೂರಿನಿಂದ ಬಂದ ಒಬ್ಬರ ರೈಲು ಟಿಕೆಟ್ಟಿಗಿಂತ ಹೆಚ್ಚಾಗಿತ್ತು. ಬಸ್ಸಿನ ಹೊತ್ತು ಬರೆದ ಫಲಕ ಎಲ್ಲಿಯೂ ಇರಲಿಲ್ಲ. ಮುಂಗಡ ಹಣ ಪಡೆದಿದ್ದ ವಸತಿಗೃಹದವರಿಗೆ ಫೋನ್ ಮಾಡಿದರೆ, ಕಾರಿನಲ್ಲಿ ಬರುವುದಾದರೆ ನಿಲ್ಲಿಸಲು ಧಾರಾಳ ಜಾಗವಿದೆ ಎಂಬ ಉತ್ತರ ಬಂತು. ಮುಂದಿನ ಸಲ ಕಾರೇ ತರುತ್ತೇವೆ ಎಂದು ಅವರು ಅಂದರೆ ನಾನು ಏನೆಂದು ವಾದಿಸಲಿ? ರಿಕ್ಷಾದವರ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ರೈಲಿನ ಹೊತ್ತಿಗೆ ಖಾಲಿ ಗಾಡಿ ತಂದು, ರೈಲು ತಡವಾದರೆ ಕಾದು, ಮರಳುವಾಗ ಬಾಡಿಗೆ ಸಿಗದೆ ಹೋದರೆ ಅವರಿಗೆ ಗಿಟ್ಟುವುದು ಹೇಗೆ? ಪರಿಹಾರ ಇರುವುದು ಹಂಚಿಕೊಂಡು ಹೋಗುವುದರಲ್ಲಿ. ಒಂದೇ ರೈಲಿನಿಂದ ಇಳಿದು ಒಂದೇ ಊರಿಗೆ ಹೊರಟ ಮೂವರು ಮೂರು ರಿಕ್ಷಾ ಮಾಡುವ ಬದಲು ತಲೆಗಿಷ್ಟು ಎಂದು ಗೊತ್ತು ಮಾಡಿಕೊಂಡು ಒಂದರಲ್ಲಿ ಹೋದರೆ ಪ್ರವಾಸಿಗೂ ರಿಕ್ಷಾದವರಿಗೂ ನ್ಯಾಯ. ಹಾಗೆ ಕೇಳಿದಾಗ ಬಹಳಷ್ಟು ರಿಕ್ಷಾದವರು ಒಪ್ಪುತ್ತಾರೆ. ಕೇಳುವ ಸಂಕೋಚವನ್ನು ಪ್ರವಾಸಿ ಬಿಡಬೇಕು, ಅಷ್ಟೆ.

ಎಲ್ಲ ನಿಲ್ದಾಣಗಳೂ ಹೀಗಿಲ್ಲ. ಮುರ್ಡೇಶ್ವರದಲ್ಲಿ ಇಳಿದವರು ಹೆದ್ದಾರಿ ದಾಟಿ, ಬೆಳಗಿನ ತಂಪಿನಲ್ಲಿ ದೇವಸ್ಥಾನದವರೆಗೆ ನಡೆದೇ ಹೋಗಬಹುದು. ಕುಮಟಾ ನಿಲ್ದಾಣವೂ ಪೇಟೆಗೆ ಹತ್ತಿರ. ಹೀಗಾಗಿ ಕುಮಟಾದಲ್ಲೇ ಇಳಿದುಕೊಂಡು, ಇಲ್ಲಿಂದ ಗೋಕರ್ಣ, ಹೊನ್ನಾವರ, ಅಘನಾಶಿನಿ ಕಡೆ ದಿನಕ್ಕೊಂದು ದಿಕ್ಕು ಹಿಡಿಯುವುದು ಕಾರಿಲ್ಲದವರಿಗೆ ಎಲ್ಲಕ್ಕಿಂತ ಅನುಕೂಲ. ಇದು ನಮ್ಮೂರಿನ ಅಭಿಮಾನದ ಮಾತು ಎಂದು ಯಾರಾದರೂ ಭಾವಿಸಿದರೆ, ಬಸ್ ನಿಲ್ದಾಣದಿಂದ ನಾಲ್ಕೂ ಕಡೆಗೆ ಹೊರಡುವ ಬಸ್ಸುಗಳನ್ನು ಒಮ್ಮೆ ನಿಂತು ನೋಡಲಿ.

ಬಸ್ಸು ಮತ್ತು ಟೆಂಪೋಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಅವು ತಮ್ಮ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿವೆ. ಶಿರಸಿಯಲ್ಲಿ ವಿಭಾಗ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸುಗಳು ಕರಾವಳಿಯ ಎಲ್ಲ ತಾಲ್ಲೂಕು ಕೇಂದ್ರಗಳನ್ನೂ ಘಟ್ಟದ ಮೇಲಿನ ಊರುಗಳನ್ನೂ ಜೋಡಿಸಿವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಮಾತ್ರ ಎಂದು ತಿಳಿದಿರುವ ಪ್ರವಾಸಿಗರಿದ್ದಾರೆ. ಬೆಂಗಳೂರು, ಮೈಸೂರು, ಕಲಬುರಗಿ ಎಲ್ಲಿಯವರಾದರೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲದೆ ಈ ಕರಾವಳಿಯನ್ನೆಲ್ಲ ಸುತ್ತಬಹುದು. ಕುಮಟಾ, ಹೊನ್ನಾವರ, ಭಟ್ಕಳಗಳ ನಡುವೆ ಹೆದ್ದಾರಿಯಲ್ಲಿ ಓಡುವ ಖಾಸಗಿ ಟೆಂಪೋಗಳಿಗೆ ನಿಲ್ದಾಣದ ಹಂಗಿಲ್ಲ, ಕೈ ತೋರಿಸಿದಲ್ಲಿ ನಿಲ್ಲುತ್ತವೆ. ಹೊನ್ನಾವರದಿಂದ ಟೆಂಪೋ ಹತ್ತಿ ಶರಾವತಿ ಸೇತುವೆ ದಾಟಿ ಕಾಸರಕೋಡಿನಲ್ಲಿ ಇಳಿದರೆ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಇಕೋ ಬೀಚಿಗೆ ಅಲ್ಲಿಂದ ನಡೆಯುವಷ್ಟೇ ದೂರ. ಪರಿಸರಸ್ನೇಹಿ ಎಂಬ ಹೆಸರಿನ ದಂಡೆಗೆ ಕಾರಿನ ಸಾಲು ಹಚ್ಚಿಕೊಂಡು ಹೋಗುವುದು ಸರಿಯಲ್ಲವೆಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಬಸ್ಸಿನಲ್ಲಿ ಹೋಗುವವರಿಗೆ ಸಿಗುವ ಇನ್ನೊಂದು ಲಾಭವಿದೆ. ಬಸ್ಸು ಬದಲಿಸುವ ಅರ್ಧ ಗಂಟೆಯಲ್ಲಿ ಪೇಟೆಯಲ್ಲಿ ನಾಲ್ಕು ಹೆಜ್ಜೆ ಓಡಾಡುವುದು ತಾನಾಗಿಯೇ ಆಗುತ್ತದೆ. ಮೇ ತಿಂಗಳಿನಲ್ಲಿ ಅಂಕೋಲಾದಲ್ಲಿ ಇಳಿದವರು ಹಾಲಕ್ಕಿ ಸಮುದಾಯದ ಹೆಂಗಸರ ಬುಟ್ಟಿಯಿಂದ ಕರಿ ಈಶಾಡು ಮಾವಿನಹಣ್ಣನ್ನು ಆರಿಸಿ ಕೊಂಡುಕೊಳ್ಳಬಹುದು. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಹಣ್ಣು ಬಹಳ ದಿನ ಇಟ್ಟುಕೊಳ್ಳುವಂಥದ್ದಲ್ಲ, ಊರಿನಲ್ಲೇ ತಿನ್ನಬೇಕು. ಬೇಸಿಗೆಯಲ್ಲಿ ಕುಮಟಾದ ಸಿಹಿ ಈರುಳ್ಳಿಯ ಗೊಂಚಲುಗಳೂ ಹೀಗೆಯೇ ಬೀದಿಬದಿಯಲ್ಲಿ ತೂಗುತ್ತಿರುತ್ತವೆ. ಕಾರಿನವರೂ ನಿಲ್ಲಿಸಿ ಕೊಳ್ಳುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಹೆದ್ದಾರಿ ಚತುಷ್ಪಥವಾದ ಮೇಲೆ ಅಲ್ಲಿ ಗಾಡಿ ನಿಲ್ಲಿಸುವುದೇ ಅಪಾಯಕ್ಕೆ ದಾರಿ.

ಈ ಇಡೀ ಕರಾವಳಿಯಲ್ಲಿ ನನಗೆ ತೀರಾ ಇಷ್ಟವಾದ, ಪ್ರವಾಸಿಗರಲ್ಲಿ ತೀರಾ ಕಡಿಮೆ ಜನಕ್ಕೆ ಗೊತ್ತಿರುವ ಸೇವೆ ಅಘನಾಶಿನಿ–ತದಡಿ ತಾರಿ. ಕುಮಟಾದಿಂದ ಗೋಕರ್ಣಕ್ಕೆ ರಸ್ತೆಯಲ್ಲಿ ಹೋದರೆ ದೀವಗಿಯ ಸೇತುವೆ, ಮಿರ್ಜಾನ, ಮಾದನಗೇರಿ ಎಂದು ದೊಡ್ಡ ಸುತ್ತು. ಅದರ ಬದಲು ಕುಮಟಾದಿಂದ ಬಾಡ, ಕಾಗಾಲ ಹಾದು ಅಘನಾಶಿನಿ ಊರಿಗೆ ಬಂದರೆ ನದಿಯ ಅಳಿವೆ ಎದುರಿಗೇ ಇರುತ್ತದೆ, ಆಚೆ ದಡದಲ್ಲಿ ತದಡಿಯ ಮೀನುಗಾರಿಕೆ ಬಂದರು ಕಾಣುತ್ತದೆ, ಮತ್ತು ನಡುವೆ ಜನರನ್ನೂ ದ್ವಿಚಕ್ರ ವಾಹನಗಳನ್ನೂ ಹೊತ್ತು ದೋಣಿ ಓಡಾಡುತ್ತದೆ. ದೋಣಿ ದಡ ಮುಟ್ಟಿದ ಕೂಡಲೇ ಹಲಗೆ ಇಡುತ್ತಾರೆ. ಬೈಕು ಹತ್ತಿಸುವ ಕ್ರಮವೇ ಒಂದು ಕೌಶಲ: ಒಬ್ಬ ಹ್ಯಾಂಡಲ್ ಹಿಡಿದು ಎಂಜಿನ್ ಆರಿಸಿ ಮುಂದೆ ಎಳೆಯುತ್ತಾನೆ, ಇನ್ನೊಬ್ಬ ಹಿಂದಿನಿಂದ ಭುಜ ಕೊಡುತ್ತಾನೆ, ಹಲಗೆ ಬಾಗಿ ಮೇಲೇಳುತ್ತದೆ. "ಅಕ್ಕ, ಬುಟ್ಟಿ ಸ್ವಲ್ಪ ಆಚೆ ಸರಿಸಿ, ಗಾಡಿ ಬರಲಿ" ಎಂದು ದೋಣಿಯವರು ಹೇಳುವಷ್ಟರಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸು ಅದನ್ನು ಕಾಲಿನಿಂದಲೇ ಸರಿಸಿ ಜಾಗ ಮಾಡಿರುತ್ತಾಳೆ. ಸಮವಸ್ತ್ರದ ಮಕ್ಕಳು ಅಂಚಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ದರ ಯಾರಿಗೂ ಭಾರವಲ್ಲ, ದಾಟುವುದಕ್ಕೆ ಕೆಲವೇ ನಿಮಿಷ.

ದೋಣಿಯೂ ಡೀಸೆಲ್ಲಿನದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆದರೆ ಇಷ್ಟೊಂದು ಜನರೂ ಬೈಕುಗಳೂ ಒಂದೇ ಎಂಜಿನ್ನಿನಲ್ಲಿ, ಅಷ್ಟು ದೊಡ್ಡ ಸುತ್ತನ್ನು ತಪ್ಪಿಸಿ ದಾಟುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿಯ ಈ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು; ಹೀಗೆ ಗುರುತಿಸಲಾದ ವಿಸ್ತೀರ್ಣ 4,801 ಹೆಕ್ಟೇರ್. ಇಳಿತದ ಹೊತ್ತಿಗೆ ಬಂದರೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರನ್ನು ದೋಣಿಯಿಂದಲೇ ನೋಡಬಹುದು. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತ ಇದೇ ನದಿಯ ದಡದ್ದು. ಇಂಥ ಜಾಗಕ್ಕೆ ಬರುವವರ ಸಂಖ್ಯೆ ಹೆಚ್ಚಬೇಕು, ಅವರು ತರುವ ವಾಹನಗಳ ಸಂಖ್ಯೆ ಹೆಚ್ಚಬಾರದು. ತಾರಿ ದೋಣಿ ಈ ಎರಡನ್ನೂ ಒಟ್ಟಿಗೆ ಸಾಧಿಸುತ್ತದೆ. ಕೊರತೆಗಳೂ ಇವೆ. ಮಳೆಗಾಲದಲ್ಲಿ ನೀರಿನ ಸೆಳೆತ ಹೆಚ್ಚಾದರೆ ದೋಣಿ ನಿಲ್ಲುತ್ತದೆ, ಆ ಸುದ್ದಿ ದಡಕ್ಕೆ ಬಂದ ಮೇಲೆಯೇ ತಿಳಿಯುವುದು. ಹಲಗೆಯ ಮೇಲೆ ಹತ್ತಿಳಿಯುವುದು ಮಂಡಿನೋವಿನವರಿಗೂ ಗಾಲಿಕುರ್ಚಿಯವರಿಗೂ ಆಗದ ಮಾತು. ಜೀವರಕ್ಷಕ ಅಂಗಿಯನ್ನು ಪ್ರಯಾಣಿಕರು ಕೇಳಿ ತೊಡುವ ರೂಢಿ ಇನ್ನೂ ಬಂದಿಲ್ಲ. ಮಕ್ಕಳಿದ್ದವರು ಇದರಲ್ಲಿ ಸಂಕೋಚ ಪಡಬಾರದು.

ಗೋಕರ್ಣ ತಲುಪಿದ ಮೇಲೆ ವಾಹನದ ಅಗತ್ಯವೇ ಇಲ್ಲ. ಮಹಾಬಲೇಶ್ವರ ದೇವಸ್ಥಾನ, ಕೋಟಿತೀರ್ಥ, ಊರಿನ ದೊಡ್ಡ ದಂಡೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ರಾಮತೀರ್ಥದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಕುಡ್ಲೆಯ ದಕ್ಷಿಣದ ಗುಡ್ಡ ದಾಟಿದರೆ ಓಂ, ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್. ಕಾರಿನಲ್ಲಿ ಓಂ ಬೀಚಿಗೆ ಹೋದವರೂ ಮೇಲೆ ಗಾಡಿ ನಿಲ್ಲಿಸಿ ಮೆಟ್ಟಿಲು ಇಳಿಯಲೇಬೇಕು. ಹಾಫ್ ಮೂನಿಗಂತೂ ನಡಿಗೆ ಅಥವಾ ದೋಣಿ ಬಿಟ್ಟರೆ ದಾರಿಯೇ ಇಲ್ಲ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮುಂಚೆ ಓಂ ತಲುಪುವುದು, ಸಂಜೆ ಮರಳುವುದು ಸರಿಯಾದ ಕ್ರಮ. ಗುಡ್ಡದ ಮೇಲಿನ ಕಲ್ಲು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಕತ್ತಲಾದ ಮೇಲೆ ದಾರಿ ತಪ್ಪುತ್ತದೆ. ಈ ಎರಡು ಹೊತ್ತಿನಲ್ಲಿ ಆ ಹಾದಿ ಬೇಡವೇ ಬೇಡ.

ಬಾಡಿಗೆ ಸ್ಕೂಟರುಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟೊಂದು ಒಳ್ಳೆಯದಲ್ಲ. ಕಾರಿಗಿಂತ ಇಂಧನ ಕಡಿಮೆ, ಇಕ್ಕಟ್ಟಾದ ಬೀದಿಗೆ ಒಗ್ಗುತ್ತದೆ, ಇವೆಲ್ಲ ನಿಜ. ಆದರೆ ನನ್ನ ನೆಂಟರೊಬ್ಬರಿಗೆ ಒಂದು ಅಂಗಡಿಯಲ್ಲಿ ಕೊಟ್ಟದ್ದು ಟೈರು ಸವೆದ, ಬಿಳಿ ಫಲಕದ ಖಾಸಗಿ ಗಾಡಿ. ಬಾಡಿಗೆಗೆ ಪರವಾನಗಿ ಪಡೆದ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು, ವಿದ್ಯುತ್ ವಾಹನವಾದರೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆಯ ಹಣ ಸಿಗುವುದು ಕಷ್ಟ. ಆದ್ದರಿಂದ ಫಲಕ ನೋಡಿ, ವಿಮೆಯ ಪತ್ರ ಕೇಳಿ, ಹೆಲ್ಮೆಟ್ ಕೊಟ್ಟರೆ ಮಾತ್ರ ಗಾಡಿ ತೆಗೆದುಕೊಳ್ಳಬೇಕು. ವಿದ್ಯುತ್ ಸ್ಕೂಟರ್ ಇದೆಯೇ ಎಂದು ಪ್ರತಿ ಅಂಗಡಿಯಲ್ಲೂ ಕೇಳುವುದು ಒಳ್ಳೆಯದು. ಊರು ಚಿಕ್ಕದು, ದೂರ ಕಡಿಮೆ, ರಾತ್ರಿ ಗಾಡಿ ನಿಂತೇ ಇರುತ್ತದೆ, ಅಂಥ ಗಾಡಿಗೆ ಇದಕ್ಕಿಂತ ಹೊಂದುವ ಜಾಗ ಸಿಗದು. ಕೇಳುವವರು ಹೆಚ್ಚಾದರೆ ತರಿಸುವವರೂ ಹುಟ್ಟುತ್ತಾರೆ.

ಸೈಕಲ್ ತುಳಿಯುವವರಿಗೆ ಒಂದೇ ಮಾತು: ಹೆದ್ದಾರಿ 66ಕ್ಕೆ ಇಳಿಯಬೇಡಿ, ಒಳದಾರಿ ಹಿಡಿಯಿರಿ. ಕುಮಟಾದಿಂದ ಬಾಡ, ಕಾಗಾಲ, ಅಘನಾಶಿನಿ, ಅಲ್ಲಿ ಸೈಕಲ್ಲನ್ನು ದೋಣಿಗೆ ಹತ್ತಿಸಿ ತದಡಿ, ಮುಂದೆ ಗೋಕರ್ಣ. ಕರಾವಳಿಯಲ್ಲಿ ಇದಕ್ಕಿಂತ ಚಂದದ ಸೈಕಲ್ ದಾರಿಯನ್ನು ನಾನು ಕಂಡಿಲ್ಲ. ಸ್ವಂತ ಸೈಕಲ್ಲನ್ನು ರೈಲಿನ ಸಾಮಾನು ಬೋಗಿಯಲ್ಲಿ ಕಳಿಸಬಹುದು, ಆದರೆ ನಿಲುಗಡೆ ಕಡಿಮೆ ಇರುವ ಸಣ್ಣ ನಿಲ್ದಾಣಗಳಿಗಿಂತ ಕಾರವಾರದಂಥ ದೊಡ್ಡ ನಿಲ್ದಾಣದಲ್ಲಿ ಇಳಿಸಿಕೊಳ್ಳುವುದು ಸುಲಭ. ಕಾರವಾರದಲ್ಲಂತೂ ಬಸ್ ನಿಲ್ದಾಣದಿಂದ ಟ್ಯಾಗೋರ್ ಕಡಲತೀರಕ್ಕೂ ಅಲ್ಲಿರುವ ಚಾಪೆಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯಕ್ಕೂ ಸೈಕಲ್ಲೂ ಬೇಡ, ನಡೆದರೆ ಸಾಕು.

ಘಟ್ಟದ ಮೇಲಿನ ಶಿರಸಿಗೆ ರೈಲಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವ ಬಸ್ಸುಗಳೇ ಗತಿ, ರಸ್ತೆ ಕಾಮಗಾರಿಯಿಂದಲೋ ಮಳೆಯಿಂದಲೋ ಆ ದಾರಿ ಬಂದಾಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಶಿರಸಿಯಿಂದ ಬನವಾಸಿಗೆ ಬಸ್ಸಿನ ಅನುಕೂಲ ಚೆನ್ನಾಗಿದೆ. ಯಾಣದ ಮಟ್ಟಿಗೆ ಮಾತ್ರ ಬಸ್ಸನ್ನೇ ನೆಚ್ಚಿ ಎಂದು ಹೇಳುವ ಧೈರ್ಯ ನನಗಿಲ್ಲ. ಅಲ್ಲಿಗೆ ನಾಲ್ಕೈದು ಜನ ಸೇರಿ ಕುಮಟಾದಿಂದಲೋ ಶಿರಸಿಯಿಂದಲೋ ಒಂದು ಬಾಡಿಗೆ ಗಾಡಿ ಮಾಡುವುದು ವಾಸಿ. ಒಂದು ದಿನಕ್ಕೆ ಒಂದು ಗಾಡಿಯನ್ನು ತುಂಬಿಕೊಂಡು ಹೋಗುವುದೂ ಈ ಲೆಕ್ಕದಲ್ಲಿ ತಪ್ಪಲ್ಲ. ಹಾಗೆಯೇ, ನಡೆಯಲಾಗದ ಹಿರಿಯರನ್ನೋ ಹಸುಗೂಸನ್ನೋ ಕರೆದುಕೊಂಡು ಬರುವವರಿಗೆ ಬಸ್ಸಿನಲ್ಲೇ ಬನ್ನಿ ಎಂದು ಒತ್ತಾಯಿಸಲಾರೆ. ಅವರು ರೈಲಿನಲ್ಲಿ ಬಂದು, ಇಲ್ಲಿಯ ಊರಿನವರ ರಿಕ್ಷಾವನ್ನು ದಿನದ ಲೆಕ್ಕಕ್ಕೆ ಗೊತ್ತು ಮಾಡಿಕೊಂಡರೆ ದೂರದ ಕಾರು ಪ್ರಯಾಣವೂ ತಪ್ಪುತ್ತದೆ, ಊರಿನ ಒಂದು ಮನೆಗೆ ದುಡಿಮೆಯೂ ಆಗುತ್ತದೆ.

ಇಷ್ಟೆಲ್ಲ ಇದ್ದೂ ಜನ ಕಾರು ಬಿಡದಿರುವುದಕ್ಕೆ ನಿಲ್ದಾಣದ ಹೊರಗಿನ ಆ ಹತ್ತು ನಿಮಿಷದ ಗೊಂದಲವೇ ಕಾರಣವಾಗಿದ್ದರೆ, ಅದನ್ನು ಸರಿಪಡಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ರೈಲು ಬರುವ ಹೊತ್ತಿಗೆ ನಿಲ್ದಾಣದಿಂದ ಊರಿಗೆ ಒಂದು ಸಣ್ಣ ಬಸ್ಸು, ರಿಕ್ಷಾಗಳಿಗೆ ತಲೆಗಿಷ್ಟು ಎಂದು ಬರೆದ ಒಂದು ದರಪಟ್ಟಿ, ಮುಂದಿನ ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹೇಳುವ ಒಂದು ಫಲಕ, ಇಷ್ಟಾದರೆ ಸಾಕು. ಸರ್ಕಾರ ಮಾಡುವವರೆಗೆ ವಸತಿಗೃಹದವರೂ ಹೋಂಸ್ಟೇಯವರೂ ಕಾಯಬೇಕಾಗಿಲ್ಲ. ಹೊನ್ನಾವರ ತಾಲ್ಲೂಕಿನ ಒಂದು ಹೋಂಸ್ಟೇಯಲ್ಲಿ ಮುಂಗಡ ಕಾಯ್ದಿರಿಸಿದವರಿಗೆ ಯಾವ ರೈಲಿಗೆ ಬರುತ್ತೀರಿ ಎಂದು ಕೇಳಿ, ಪರಿಚಯದ ರಿಕ್ಷಾದವರ ಹೆಸರು, ಬಾಡಿಗೆಯ ಮೊತ್ತ, ಹತ್ತಿರದ ಟೆಂಪೋ ನಿಲ್ಲುವ ಜಾಗ ಎಲ್ಲವನ್ನೂ ವಾಟ್ಸಾಪಿನಲ್ಲಿ ಮೊದಲೇ ಕಳಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ; ನನ್ನ ಅತ್ತೆಯವರು ಒಬ್ಬರೇ ಅಲ್ಲಿಗೆ ಹೋಗಿ ಯಾರನ್ನೂ ಏನನ್ನೂ ಕೇಳದೆ ಮನೆ ತಲುಪಿದರು.

ಹಾಗಾಗಿ ಕೋಣೆ ಕಾಯ್ದಿರಿಸುವ ಮುನ್ನ ಒಂದು ಪ್ರಶ್ನೆ ಕೇಳಿ: ರೈಲಿನಲ್ಲಿ ಬಂದರೆ ನಿಮ್ಮಲ್ಲಿಗೆ ಹೇಗೆ ತಲುಪುವುದು? ಸ್ಪಷ್ಟವಾಗಿ ಉತ್ತರ ಕೊಟ್ಟವರಲ್ಲೇ ಉಳಿದುಕೊಳ್ಳಿ. ಸಾಮಾನು ಒಂದು ಬೆನ್ನುಚೀಲಕ್ಕೆ ಮೀರದಂತೆ ನೋಡಿಕೊಳ್ಳಿ, ಸಾಮಾನ್ಯ ಬಸ್ಸಿನಲ್ಲಿ ದೊಡ್ಡ ಸೂಟ್‌ಕೇಸಿಗೆ ಜಾಗ ಸಿಗುವುದಿಲ್ಲ. ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ತಿಳಿದುಕೊಳ್ಳಿ, ತಾರಿಯ ಕೊನೆಯ ದೋಣಿಯ ಹೊತ್ತನ್ನು ದೋಣಿಯವರನ್ನು ಕೇಳಿ. ಅಕ್ಟೋಬರ್ ಕೊನೆಗೆ ಮಳೆಗಾಲದ ರೈಲು ವೇಳಾಪಟ್ಟಿ ಬದಲಾಗಿರುತ್ತದೆ, ಗುಡ್ಡದ ಹಾದಿಗಳು ಒಣಗಿರುತ್ತವೆ, ತದಡಿಯ ದೋಣಿಯೂ ಸುಸೂತ್ರ ಓಡುತ್ತಿರುತ್ತದೆ. ಆಗಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಇಂಥ ಪ್ರವಾಸಕ್ಕೆ ಸರಿಯಾದ ಕಾಲ, ಮತ್ತು ಡಿಸೆಂಬರ್ ಕೊನೆಯ ವಾರಕ್ಕೆ ಪಂಚಗಂಗಾದಲ್ಲಿ ಜಾಗ ಬೇಕಿದ್ದರೆ ಬಹಳ ಮೊದಲೇ ಕಾಯ್ದಿರಿಸಬೇಕು.